ಎಸ್ಪೆರಾನ್ಸಾದ ಗಾಳಿ ಮತ್ತು ವೀಣೆಯ ಮೇಣ

ನರಹರಿಯವರು ಬೆಳಗಿನ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರೆಂದರೆ ಹೊಸ ಯಂತ್ರವೊಂದು ಸಿದ್ಧವಾಗಿದೆ ಎಂದೇ ಅರ್ಥ. ಅವರ ಹೆಂಡತಿ ಅಂಬುಜಾಕ್ಷಿಗೆ ಇದು ಚೆನ್ನಾಗಿ ಗೊತ್ತು. ಹಿಂದಿನ ಯಂತ್ರ ಮಗುಚಿ ಹಾಕಿದ ದೋಸೆ ಇನ್ನೂ ಫ್ಯಾನಿನ ಮೇಲೇ ಇದೆ.

ಬೇರೆ ದಿನವಾಗಿದ್ದರೆ ಸಹಿಸುತ್ತಿದ್ದಳು. ಆದರೆ ಇವತ್ತು ಸಂಜೆ ಬೀದಿಯ ರಾಮೋತ್ಸವದ ಪೆಂಡಾಲಿನಲ್ಲಿ ಅವಳ ವೀಣೆ ಕಚೇರಿ. ಅರವತ್ತು ದಾಟಿದ ಮೇಲೆ ಸಿಕ್ಕ ಮೊದಲ ಕಚೇರಿ. ನುಡಿಸಬೇಕಾದ್ದು ಅಮ್ಮ ಬಿಟ್ಟುಹೋದ ವೀಣೆ. ತಂತಿಗಳ ಕೆಳಗೆ ಸಾಲಾಗಿರುವ ಅದರ ಹಿತ್ತಾಳೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮೇಣ ಕರಗಿದರೆ ಮೆಟ್ಟಿಲು ಜಾರುತ್ತದೆ, ಮೆಟ್ಟಿಲು ಜಾರಿದರೆ ಕಚೇರಿ ಮುಗಿದಂತೆಯೇ.

"ಬಾ ಅಂಬುಜ, ನೋಡು" ಎಂದರು ನರಹರಿ. ಹಳೇ ಹಾರ್ಮೋನಿಯಂ ಪೆಟ್ಟಿಗೆಗೆ ಏರ್‌ಕೂಲರಿನ ಮೂತಿ ಜೋಡಿಸಿದ್ದರು. "ಊರಿನ ಹೆಸರಿರೋ ಹಾಡು ಹಾಕಿದ್ರೆ ಆ ಊರಿನ ಗಾಳಿ ಮನೆಗೇ ಬರುತ್ತೆ. ಇನ್ಮೇಲೆ ನಮಗೆ ಬಸ್ಸು ಬೇಡ, ರೈಲು ಬೇಡ."

ಮಾರ್ಕೆಟ್ಟಿನಲ್ಲಿ ಸಿಕ್ಕ ಗಿಟಾರಿನ ಕ್ಯಾಸೆಟ್ಟೊಂದನ್ನು ಒಳಗೆ ತುರುಕಿದರು. ಮೇಲೆ 'ಎಸ್ಪೆರಾನ್ಸಾ' ಎಂದಿತ್ತು.

"ಸ್ಪ್ಯಾನಿಷ್ ಮಾತು. ಭರವಸೆ ಅಂತ ಅರ್ಥ."

"ಎಲ್ಲಿದೆ ರೀ ಈ ಊರು?"

"ಆ ಭಾಷೆಯವರು ಕಾಲಿಟ್ಟ ಕಡೆಯೆಲ್ಲಾ ಒಂದೊಂದಿದೆ. ಆ ಹೆಸರಿನ ಹಾಡುಗಳಿಗೂ ಲೆಕ್ಕವಿಲ್ಲ. ಯಾವ ಊರು ಅನ್ನೋದನ್ನ ಯಂತ್ರಕ್ಕೇ ಬಿಟ್ಟಿದ್ದೀನಿ."

ಯಂತ್ರ ಬಹಳ ಪ್ರಾಮಾಣಿಕವಾಗಿತ್ತು. ಯಾವ ಊರನ್ನೂ ಬಿಡಬಾರದೆಂದು ತೀರ್ಮಾನಿಸಿ, ಭೂಪಟದ ತಳದಿಂದ ಶುರುಮಾಡಿತು. ಅಲ್ಲಿ, ಅಂಟಾರ್ಕ್ಟಿಕಾದಲ್ಲಿ, ಅರ್ಜೆಂಟೀನಾದವರ ಎಸ್ಪೆರಾನ್ಸಾ ಇತ್ತು.

ನಡುಮನೆಯಲ್ಲಿ ಹಿಮ ಸುರಿಯಿತು. ಉಪ್ಪಿನಕಾಯಿ ಜಾಡಿಯ ಮೇಲೆ ಮಂಜು ಕಟ್ಟಿತು. ಜೊತೆಗೆ ಸಾವಿರಾರು ಪೆಂಗ್ವಿನ್‌ಗಳು ಮೀನು ತಿಂದು ತೇಗಿದ ವಾಸನೆ. ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನಾಚೆಯಿಂದ ಕೇಳಿದರು:

"ಅಂಬುಜಾಕ್ಷಿ, ಹಬ್ಬದ ದಿನ ಏನಮ್ಮಾ ಅಡಿಗೆ?"

"ಕೋಸಂಬರಿ ಸರೋಜಮ್ಮ" ಎಂದಳು ಅವಳು, ಮೂಗು ಹಿಡಿದುಕೊಂಡೇ.

ಮರುಗಳಿಗೆಯಲ್ಲಿ ಯಂತ್ರ ಕೆರಿಬಿಯನ್ ದ್ವೀಪದ ಎಸ್ಪೆರಾನ್ಸಾಕ್ಕೆ ಹಾರಿತು. ಹಿಮ ನೀರಾಯಿತು, ನೀರು ಹಬೆಯಾಯಿತು. ಇಡ್ಲಿ ಪಾತ್ರೆಯೊಳಗೆ ಕೂತಂತಾಯಿತು. ಅಂಬುಜಾಕ್ಷಿ ವೀಣೆಯ ಮೇಣವನ್ನು ಬೆರಳಿನಿಂದ ಮುಟ್ಟಿದಳು. ಮೆತ್ತಗಾಗುತ್ತಿತ್ತು.

ವೀಣೆ ಎತ್ತಿಕೊಂಡು ಹೊರಗೋಡೋಣವೆಂದರೆ ಬಾಗಿಲು ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು.

"ಆರಿಸ್ರೀ ಅದನ್ನ. ಗುಂಡಿ ಎಲ್ಲಿ?"

"ಗುಂಡಿ ಇಟ್ಟಿಲ್ಲ. ಮಂಗಳ ಹಾಡದೆ ಸಂಗೀತ ನಿಲ್ಲಿಸೋದು ಅಪಚಾರ ಅಂತ ನೀನೇ ಹೇಳ್ತೀಯಲ್ಲ. ಅದಕ್ಕೇ, ಮಂಗಳ ಕಿವಿಗೆ ಬಿದ್ರೆ ತಾನಾಗೇ ನಿಲ್ಲೋ ಹಾಗೆ ಮಾಡಿದ್ದೀನಿ. ಒಂದು ಸಲ ಕೇಳಿದ್ರೆ ಆರುತ್ತೆ, ಇನ್ನೊಂದು ಸಲ ಕೇಳಿದ್ರೆ ಹತ್ತುತ್ತೆ. ಟಾರ್ಚಿನ ಥರ."

"ಗಿಟಾರಿನ ಹಾಡಲ್ಲಿ ಮಂಗಳ ಎಲ್ಲಿಂದ ಬರ್ಬೇಕು?"

ನರಹರಿ ಇದನ್ನು ಯೋಚಿಸಿರಲಿಲ್ಲ.

"ವೈರಾದ್ರೂ ಕೀಳಿ."

"ಒಳಗೆ ಬ್ಯಾಟರಿ ಇದೆ. ಕರೆಂಟ್ ಹೋದ್ರೂ ಕಚೇರಿ ನಿಲ್ಬಾರ್ದು ಅಂತ."

ಕಚೇರಿಯ ದಿನ ಕಚೇರಿಗೆ ಮುಂಚೆಯೇ ಮಂಗಳ ಹಾಡಿದರೆ ಅಪಶಕುನವೆಂದು ಅಂಬುಜಾಕ್ಷಿಯ ನಂಬಿಕೆ. "ನೀವೇ ಹಾಡಿ" ಎಂದಳು. ನರಹರಿ ಕಣ್ಣು ಮುಚ್ಚಿ, ತೊಡೆ ತಟ್ಟುತ್ತಾ ಹಾಡಿದರು. ಯಂತ್ರ ಒಂದು ಕ್ಷಣ ಕಿವಿಗೊಟ್ಟು, ಇನ್ನಷ್ಟು ಬಿಸಿಗಾಳಿ ಊದಿತು.

"ಶ್ರುತಿ ಸರಿಯಿಲ್ಲದಿದ್ರೆ ಒಪ್ಪಬಾರ್ದು ಅಂತಾನೂ ಹೇಳಿಕೊಟ್ಟಿದ್ದೆ" ಎಂದರು ಸಣ್ಣ ದನಿಯಲ್ಲಿ.

ವೀಣೆಯ ಮೆಟ್ಟಿಲೊಂದು ಸಣ್ಣಗೆ ಅಲುಗಿತು. ಅಂಬುಜಾಕ್ಷಿ ಇನ್ನು ಶಕುನದ ಮುಖ ನೋಡಲಿಲ್ಲ. ಅಮ್ಮನನ್ನು ನೆನೆದು, ವೀಣೆಯನ್ನು ತಬ್ಬಿಕೊಂಡು, ಬೆವರು ಸುರಿಸುತ್ತಲೇ ಮಂಗಳವನ್ನು ಪೂರ್ತಿ ಹಾಡಿದಳು. ಗಿಟಾರು ನಿಂತಿತು. ಗಾಳಿ ನಿಂತಿತು.

ಮೇಣ ಆರಿ ಗಟ್ಟಿಯಾಗುವವರೆಗೆ ಇಬ್ಬರೂ ಕಾದು ಕೂತರು. ಆಮೇಲೆ ಅವಳು ಒಂದೊಂದೇ ಸ್ವರ ಮೀಟಿದಳು. ಎಲ್ಲವೂ ಜಾಗದಲ್ಲೇ ಇದ್ದವು. ಅವಳಿಗೆ ಅಳು ಬಂತು, ಗಂಡನ ಮೇಲಿನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧವನ್ನು ರಾತ್ರಿಗೆ ಇಟ್ಟುಕೊಂಡಳು. ಮನೆಯೊಳಗಿನ ಹಬೆ, ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟರು; ಸಂಜೆಯ ಹೊತ್ತಿಗೆ ತೇವ ಆರಿ ಬಾಗಿಲು ಸಡಿಲವಾಯಿತು, ವೀಣೆ ಎತ್ತಿಕೊಂಡು ಪೆಂಡಾಲಿಗೆ ಹೊರಟರು.

ಕಚೇರಿ ಚೆನ್ನಾಗಿಯೇ ನಡೆಯಿತು. ಸೆಕೆಗೆ ಜನ ಬೀಸಣಿಗೆ ಬೀಸುತ್ತಾ ತಲೆದೂಗಿದರು. ಕೊನೆಯ ಕೀರ್ತನೆ ಮುಗಿಯುತ್ತಲೇ, ವಾಡಿಕೆಯಂತೆ, ಅರ್ಧ ಸಭೆ ಪಾನಕದ ಕಡೆಗೆ ಎದ್ದಿತು. ಅಂಬುಜಾಕ್ಷಿ ತಲೆಯೆತ್ತದೆ ಮಂಗಳ ನುಡಿಸಿದಳು. ಧ್ವನಿವರ್ಧಕ ಅದನ್ನು ಬೀದಿಯ ಮನೆಮನೆಗೂ ಮುಟ್ಟಿಸಿತು, ಅವಳ ಮನೆಗೂ.

ದೂರದಲ್ಲಿ ಗಿಟಾರು ಕೇಳಿಸಿತು; ಯಂತ್ರ ಮತ್ತೆ ಭೂಪಟದ ತಳದಿಂದಲೇ ಶುರುಮಾಡಿತ್ತು. ಮನೆಯ ತೆರೆದ ಕಿಟಕಿಗಳಿಂದ ಬುಸ್ಸೆಂದು ಬಂದ ಹಿಮ ಪೆಂಡಾಲಿನ ಮೇಲೆಲ್ಲಾ ಸುರಿಯಿತು. ಎದ್ದವರು ಪಾನಕದ ಲೋಟ ಹಿಡಿದು, ಹಿಮ ತುಂಬಿಸಿಕೊಂಡು, ವಾಪಸ್ಸು ಬಂದು ಕೂತರು.

"ಅಂಬುಜ, ನಾನು ಹೋಗಿ..." ಎಂದು ನರಹರಿ ತಡವರಿಸಿದರು.

ಅಂಬುಜಾಕ್ಷಿ ವೀಣೆಗೆ ಶಾಲು ಹೊದಿಸಿ ಸಮಾಧಾನದಿಂದ ಸಭೆಯನ್ನು ನೋಡಿದಳು. ಮಂಗಳವಾದ ಮೇಲೂ ಕುರ್ಚಿ ತುಂಬಿರುವ ಕಚೇರಿಯನ್ನು ಅವಳಮ್ಮ ಕೂಡ ಕಂಡಿರಲಿಲ್ಲ.

"ಇರಲಿ ಬಿಡಿ" ಎಂದಳು. "ವಾಸನೆ ಬರೋ ಹೊತ್ತಿಗೆ ಹೊರಡೋಣ."