ಮಂಟಪದಿಂದ ಎದ್ದು ಹೋದ ಸರದಾರ

ಪುಸ್ತಕ ಓದಿದರೆ ಮನುಷ್ಯ ಸುಧಾರಿಸುತ್ತಾನೆ ಎಂದು ಶಾಲೆಯಲ್ಲಿ ಹುಡುಗರಿಗೆ ನಾನೇ ಹೇಳುತ್ತಿದ್ದೆ. ಆದರೆ ನಾನು ಪುಸ್ತಕ ಹಿಡಿದಾಗಲೆಲ್ಲ ಏನಾದರೊಂದು ಫಜೀತಿ ಆಗುತ್ತಲೇ ಬಂತು, ಸುಧಾರಣೆಯೊಂದು ಆಗಲಿಲ್ಲ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು, ಮೂಡಲಗಿಯಲ್ಲಿ ನನಗೆ ಮಾಸ್ತರಿಕೆ ಸಿಕ್ಕ ಹೊಸತು. ಆಗಲೇ ಆ ಐದು ಭಾಗದ ಐತಿಹಾಸಿಕ ಕಾದಂಬರಿಯ ಗೀಳು ಹತ್ತಿತು. ಅದರ ನಾಯಕ ಒಬ್ಬ ಸರದಾರ. ಸುಳ್ಳು ಸುದ್ದಿ ನಂಬಿ ಕೋಟೆಯ ಬಾಗಿಲು ತೆರೆಸುತ್ತಾನೆ, ಅದರಿಂದ ಅಣ್ಣ ಸಾಯುತ್ತಾನೆ. ಅಲ್ಲಿಂದ ಮುಂದೆ ಕಾದಂಬರಿಯುದ್ದಕ್ಕೂ ಗಡ್ಡ ಬಿಟ್ಟುಕೊಂಡು ಬುರುಜಿನ ಮೇಲೆ ನಿಂತು ನಿಟ್ಟುಸಿರು ಬಿಡುತ್ತಾನೆ. ಎಂಥ ನಿಟ್ಟುಸಿರು ಅಂತೀರಿ! ಐದನೆಯ ಭಾಗ ಮುಗಿದ ದಿನವೇ ನಾನು ಮತ್ತೆ ಮೊದಲನೆಯ ಭಾಗ ತೆಗೆಯುತ್ತಿದ್ದೆ.

ಅವ್ವನ ಚಿಂತೆ

ರಜೆಗೆ ಗೋಕಾಕದ ಮನೆಗೆ ಹೋದಾಗಲೂ ಪುಸ್ತಕಗಳು ಚೀಲದಲ್ಲಿ ಇರುತ್ತಿದ್ದವು. ಅವ್ವನಿಗೆ ಓದು ಬರುತ್ತಿರಲಿಲ್ಲ, ರಟ್ಟಿನ ಬಣ್ಣದ ಗುರುತು ಮಾತ್ರ ಚೆನ್ನಾಗಿತ್ತು. ಒಂದು ದಿನ ಹತ್ತಿರ ಬಂದು ಕೂತಳು.

"ಹ್ವಾದ ವರ್ಷನೂ ಇದ ಕೆಂಪ ಪುಸ್ತಕ ಇತ್ತಲ್ಲೋ?"

"ಹೌದವ್ವಾ, ಮತ್ತ ಓದಾಕತ್ತೇನಿ."

ನಮ್ಮ ಓಣಿಯಲ್ಲಿ ಒಂದೇ ಪುಸ್ತಕವನ್ನು ಎರಡು ವರ್ಷ ಓದುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಬಾಜೂ ಮನೆಯಾಕೆ ನನ್ನ ವಿಷಯ ವಿಚಾರಿಸಿದಾಗ ಅವ್ವ ದನಿ ಇಳಿಸಿ ಹೇಳುತ್ತಿದ್ದಳು: "ಮಾಸ್ತರಕಿ ಏನೋ ಸಿಕ್ಕೈತ್ರಿ. ಆದ್ರ ಒಂದು ಕೆಂಪ ಪುಸ್ತಕದಾಗ ಇನ್ನೂ ನಾಪಾಸ ಆಗಾಕತ್ತಾನ."

ಹುಕ್ಕೇರಿಯ ಅಜವಾನ

ಹೆಣ್ಣು ನೋಡಲು ಹುಕ್ಕೇರಿಗೆ ಹೋದೆ. ಹೋಗುವಾಗ ಬಸ್ಸಿನಲ್ಲಿ ನಾಲ್ಕನೆಯ ಭಾಗ ಓದುತ್ತಿದ್ದುದೇ ತಪ್ಪಾಯಿತು. ಗಡ್ಡ ಬೋಳಿಸಿಕೊಂಡಿರಲಿಲ್ಲ. ಹುಡುಗಿಯ ಅಪ್ಪ ಪಗಾರ ಎಷ್ಟು, ಹೊಲ ಎಷ್ಟು ಎಂದು ಕೇಳಿದರೆ ನಾನು ಕಿಟಕಿಯ ಹೊರಗೆ ನೋಡುತ್ತ, ಥೇಟು ಸರದಾರನಂತೆ, ಆಳವಾದ ನಿಟ್ಟುಸಿರು ಬಿಟ್ಟು ಉತ್ತರ ಕೊಟ್ಟೆ. ಮೂರನೆಯ ನಿಟ್ಟುಸಿರಿಗೆ ಅವರು ಎದ್ದೇ ಬಿಟ್ಟರು.

"ಏನ್ರಿ ಮಾಸ್ತರ, ಹೊಟ್ಟಿ ನೋಯಾಕತ್ತೈತೇನು? ಏ, ಒಂದ ಹಿಡಿ ಅಜವಾನ, ಉಪ್ಪು ತರ್ರಿ!"

ತಂದವಳು ಹುಡುಗಿಯೇ. ನನ್ನ ಮುಂದೆ ತಟ್ಟೆ ಇಟ್ಟು, ಬಾಗಿಲ ಹಿಂದೆ ಹೋಗಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗು ಕೇಳಿ ನನಗೆ ಸರದಾರ, ಬುರುಜು ಎಲ್ಲ ಮರೆತೇ ಹೋದವು. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಅಜವಾನ ಅಗಿಯುತ್ತಲೇ ನಿಶ್ಚಯಿಸಿದೆ. ಅವಳ ಅಪ್ಪ ಮಾತ್ರ ನಿಶ್ಚಯಿಸಲಿಲ್ಲ. "ನಿಮ್ಮ ಪ್ರಕೃತಿ ಯಾಕೋ ನೆಟ್ಟಗ ಕಾಣವಲ್ದು. ಮೂಡಲಗಿಗೆ ಬಂದು ವಿಚಾರಿಸಿ ಹೇಳ್ತೇನಿ" ಎಂದರು.

ಸರದಾರನಿಗೆ ಸಲಹೆ

ಮೂಡಲಗಿಯ ಗುಡಿಯಲ್ಲಿ ಶ್ರಾವಣ ತಿಂಗಳು ಸಂಜೆ ಪುರಾಣ ಓದಿಸುವ ರೂಢಿ. ಆ ವರ್ಷ ಪುರಾಣದ ಶಾಸ್ತ್ರಿಗಳು ಜ್ವರ ಬಂದು ಮಲಗಿದರು. "ಮಾಸ್ತರ, ಏನರ ಓದ್ರಿ, ಕಟ್ಟಿ ಖಾಲಿ ಇರಬಾರ್ದು" ಎಂದರು ಗೌಡರು. ನನ್ನ ಹತ್ತಿರ ಇದ್ದದ್ದು ಒಂದೇ. ಕಾದಂಬರಿ ಶುರು ಮಾಡಿದೆ.

ಜನ ಅದನ್ನೂ ಪುರಾಣವೆಂದೇ ಕೇಳಿದರು. ಮೊದಲ ದಿನವೇ ಪುಸ್ತಕಕ್ಕೆ ವಿಭೂತಿ ಹಚ್ಚಿದರು. ಸರದಾರನ ಕಷ್ಟಕ್ಕೆ ಮಾತ್ರ ಸುಮ್ಮನೆ ಕಣ್ಣೀರು ಹಾಕುವ ಜನರಾಗಿರಲಿಲ್ಲ ಅವರು. ಅವನಿಗೆ ನಿದ್ದೆ ಬರುವುದಿಲ್ಲ ಎಂದು ಓದಿದಾಗ ಒಬ್ಬ ರೈತ ಕೇಳಿದ: "ಅವಂಗ ಹೊಲಾ ಇಲ್ಲೇನ್ರಿ? ಒಂದ ದಿನ ಜ್ವಾಳಾ ಕೊಯ್ಯಾಕ ಕಳಸ್ರಿ, ಹೆಂಗ ನಿದ್ದಿ ಬರೂದಿಲ್ಲ ನೋಡೂಣು." ಮುಂದಿನ ಸಾಲಿನ ಮುದುಕಿಗೆ ಅಷ್ಟು ತಾಳ್ಮೆಯಿರಲಿಲ್ಲ. "ಲಗ್ನಾ ಮಾಡ್ರಿ ಅವಂಗ. ಉಸರ ಬಿಡಾಕ ಸೈತ ಪುರಸೊತ್ತು ಸಿಗೂದಿಲ್ಲ!"

ಲಗ್ನದ ಹುಗ್ಗಿ

ನಾಲ್ಕನೆಯ ಭಾಗದ ಕೊನೆಗೆ ಸರದಾರನ ಲಗ್ನ ಬರುತ್ತದೆ. "ನಾಳೆ ಲಗ್ನದ ಅಧ್ಯಾಯ" ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಪುರಾಣದಲ್ಲಿ ಲಗ್ನ ಬಂದರೆ ಊರವರೇ ಬೀಗರಾಗುವುದು ಅಲ್ಲಿಯ ಪದ್ಧತಿ. ಮರುದಿನ ಹೋಗಿ ನೋಡಿದರೆ ಚಪ್ಪರ, ವಾಲಗ, ಕೊಪ್ಪರಿಗೆ ತುಂಬ ಗೋದಿಯ ಹುಗ್ಗಿ. ಹೆಂಗಸರು ಲಗ್ನದ ಉಡುಗೊರೆಯೆಂದು ಕುಬಸ, ಕಾಯಿ, ಅಕ್ಕಿ ಆಯೇರಿ ತಂದಿದ್ದರು. ಮದುಮಗ ಪುಸ್ತಕದೊಳಗೆ ಇದ್ದುದರಿಂದ ಹಾರವನ್ನು ನನ್ನ ಕೊರಳಿಗೆ ಹಾಕಿದರು.

ಹುಡುಗಿಯ ಅಪ್ಪ, ಆ ಹುಕ್ಕೇರಿಯ ಹಿರಿಯರು, ನನ್ನನ್ನು ವಿಚಾರಿಸಲು ಬಂದಿಳಿದದ್ದು ಅವತ್ತೇ. ಬಸ್ಸಿನ ಹತ್ತಿರ ಯಾರೋ ಹೇಳಿದರಂತೆ: "ಮಾಸ್ತರ? ಲಗ್ನದ ಚಪ್ಪರದಾಗ ಅದಾರ್ರಿ. ಬರ್ರಿ, ನೀವೂ ಊಟಾ ಮಾಡ್ರಿ!"

ಅವರು ಬಂದಾಗ ಹಾರ ಹಾಕಿಕೊಂಡ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದ್ದವು.

"ನನ್ನ ಮಗಳನ್ನ ನೋಡಿ ಹೋಗಿ, ಇಲ್ಲಿ ಲಗ್ನಾ ಮಾಡ್ಕೊಳ್ಳಾಕತ್ತೀರಿ?" ಎಂದು ಅಲ್ಲಿಂದಲೇ ಗುಡುಗಿದರು. ಗೌಡರು ಕೈ ಹಿಡಿದು ಕೂಡ್ರಿಸಿ, ಮದುಮಗ ಮದುಮಗಳು ಇಬ್ಬರೂ ಪುಸ್ತಕದಾಗ ಅದಾರ ಎಂದು ತಿಳಿಸಿ ಹೇಳಿದರು. "ಓದ್ರಿ ಹಂಗಾರ" ಎಂದು ಅವರು ಕಟ್ಟೆಗೆ ಒರಗಿ ಕೂತರು.

ಓದಿದೆ. ಪುಸ್ತಕದಲ್ಲೂ ಅಕ್ಕಿಕಾಳು ಬೀಳುವ ಹೊತ್ತಿಗೆ ಸರದಾರನಿಗೆ ಸತ್ತ ಅಣ್ಣನ ನೆನಪಾಯಿತು. ಬಾಸಿಂಗ ಕಿತ್ತೆಸೆದ, ಕುದುರೆ ಹತ್ತಿದ, ಹೋಗಿಬಿಟ್ಟ.

ವಾಲಗ ನಿಂತಿತು. "ಮಾಸ್ತರ, ಸರಿಯಾಗಿ ನೋಡಿ ಓದ್ರಿ" ಎಂದಳು ಮುದುಕಿ.

"ಹಂಗ ಐತ್ರಿ ಆಯಿ."

"ಮೊದಲ ಓದೀರಲ್ಲ, ಹುಗ್ಗಿ ಹಚ್ಚೂ ಮುಂದ ಹೇಳಾಕ ಏನಾಗಿತ್ತು?" ಎಂದರು ಗೌಡರು.

ನಾನು ಖರೆ ಹೇಳಿದೆ: "ಪ್ರತಿ ಸಲ ಓದೂ ಮುಂದ, ಈ ಸಲ ಮಂಟಪದಾಗ ಕುಂದರ್ತಾನ ಅಂತ ಅನಸ್ತೈತ್ರಿ."

ಹುಕ್ಕೇರಿಯವರು ಎದ್ದು ನಿಂತರು. ಹೆಣ್ಣು ಹೆತ್ತವರ ಸಿಟ್ಟು, ಮುಖ ಕೆಂಪಾಗಿತ್ತು. "ಆ ಹುಡಗಿ ಅಪ್ಪನ ಗತಿ ಏನ್ರಿ? ಇಂಥಾ ಪುಸ್ತಕ ಓದಿ ಓದಿ ನಾಳೆ ನೀವೂ ಎದ್ದು ಹೋದ್ರ?"

ನಾನು ಎಲ್ಲರೆದುರಿಗೇ ಹೇಳಿದೆ: "ನಿಮ್ಮ ಮಗಳು ಅಜವಾನ ಕೊಟ್ಟ ದಿನದಿಂದ ನಾನು ಕುಂತಲ್ಲೇ ಕುಂತೇನ್ರಿ. ಏಳು ಅಂದ್ರೂ ಏಳೂದಿಲ್ಲ."

ಗೌಡರು ಗಂಟಲು ಸರಿಮಾಡಿಕೊಂಡರು. "ತಂದ ಆಯೇರಿ ತಿರುಗಿ ಮನಿಗೆ ಒಯ್ಯಾಕ ಬರೂದಿಲ್ಲ. ಹುಗ್ಗಿನೂ ಆರಾಕತ್ತೈತಿ. ಮಾಸ್ತರ ಲಗ್ನದ ನಿಶ್ಚಯದ ಸಕ್ರಿ ಹಂಚಿಬಿಡೂಣೇನ್ರಿ?"

ಹಿರಿಯರು ನನ್ನನ್ನು ನೋಡಿದರು, ಹುಗ್ಗಿಯನ್ನು ನೋಡಿದರು, "ಹಂಚ್ರಿ" ಎಂದರು. ಆದರೆ ನಾಲ್ಕನೆಯ ಭಾಗವನ್ನು ನನ್ನ ಕೈಯಿಂದ ಕಸಿದು ಬಗಲಲ್ಲಿ ಇಟ್ಟುಕೊಂಡರು. ಲಗ್ನದ ಮೆರವಣಿಗೆಗೆ ಕುದುರೆಯನ್ನೂ ತರಿಸಲಿಲ್ಲ. ಚಕ್ಕಡಿಯಲ್ಲಿ ಕೂಡ್ರಿಸಿ ತಂದು, ಚಪ್ಪರದ ಮುಂದೆ ಎತ್ತುಗಳನ್ನು ಬಿಚ್ಚಿ ಹಿತ್ತಲಲ್ಲಿ ಕಟ್ಟಿಸಿದರು.

ನಾಲ್ಕನೆಯ ಭಾಗ

ಲಗ್ನವಾಗಿ ವರ್ಷ ಕಳೆದ ಮೇಲೆ ಪುಸ್ತಕ ಕೇಳೋಣವೆಂದು ಹೆಂಡತಿಯ ಜೊತೆ ಹುಕ್ಕೇರಿಗೆ ಹೋದೆ. ಮಾವನವರು ಚಾಳೀಸಿನ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ತೊಡೆಯ ಮೇಲೆ ಅದೇ ಕೆಂಪು ರಟ್ಟು, ಗಡ್ಡ ಬೆಳೆದಿತ್ತು.

"ಮಾವನೋರ, ಪುಸ್ತಕ ಒಯ್ಯಲೇನ್ರಿ?"

"ತಡೀರಿ ಮಾಸ್ತರ. ಮತ್ತ ಮೊದಲಿಂದ ಹಿಡದೇನಿ. ಈ ಸಲ ಕುಂದರ್ತಾನೇನೋ ನೋಡೂಣು" ಎಂದು ಅವರು ಕಿಟಕಿಯ ಹೊರಗೆ ನೋಡಿ ಆಳವಾದ ನಿಟ್ಟುಸಿರು ಬಿಟ್ಟರು. ನನಗೂ ಒಂದು ಬಂತು.

ನನ್ನ ಹೆಂಡತಿ ಒಳಗಿಂದ ಬಂದು, ಇಬ್ಬರ ಮುಂದೆಯೂ ಒಂದೊಂದು ಹಿಡಿ ಅಜವಾನ, ಉಪ್ಪು ಇಟ್ಟು ಹೋದಳು.