ಮೇನ್ ಸ್ವಿಚ್ಚಿಗೆ ಕಾವಲು

ಗೋಡೆಯ ಹೀಟರನ್ನು ಮುಟ್ಟಿ ಬೆಳಿಗ್ಗೆ ಮಗಳಿಗೆ ಜುಮ್ಮೆಂದಿತ್ತು. ಎಲೆಕ್ಟ್ರಿಷಿಯನ್ ಬರುವುದು ಸೋಮವಾರ. ಅಲ್ಲಿಯವರೆಗೆ ಅಂಥ ಯಮನನ್ನು ಮನೆಯೊಳಗೆ ಇಟ್ಟುಕೊಳ್ಳುವುದುಂಟೇ? ತಾನೇ ಬಿಚ್ಚಿಬಿಡುತ್ತೇನೆಂದು ಟೈಲರ್ ಎದ್ದ.

“ನಿಮಗೇನಾದ್ರೂ ಆದ್ರೆ ನಮ್ಮ ಗತಿ ಏನ್ರೀ?” ಎಂದಳು ಹೆಂಡತಿ.

ಆ ಮಾತು ಎದೆಗೆ ನಾಟಿತು. ಅವನಿಗೂ ಹೆದರಿಕೆಯೇ. ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ಮಾಡಿದ. ರಬ್ಬರ್ ಚಪ್ಪಲಿ ಮೆಟ್ಟಿದ. ಹೊರಬಾಗಿಲ ಪಕ್ಕದ ಬೋರ್ಡಿನಲ್ಲಿ ಮೇನ್ ಸ್ವಿಚ್ ಕೆಳಗೆಳೆದ. ಹೀಟರಿಗೆ ಟೆಸ್ಟರ್ ಇಟ್ಟು ನೋಡಿದ; ದೀಪ ಹತ್ತಲಿಲ್ಲ. ಯಾರಾದರೂ ತಿಳಿಯದೆ ಸ್ವಿಚ್ ಹಾಕಿಯಾರೆಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕರೆದು ಬೋರ್ಡಿನ ಮುಂದೆ ಕುರ್ಚಿ ಹಾಕಿ ಕೂರಿಸಿದ. ಮೇಷ್ಟ್ರಿಗೆ ಕಿವಿ ಕೊಂಚ ಮಂದ, ಜವಾಬ್ದಾರಿ ಮಾತ್ರ ವಿಪರೀತ.

ಒಳಗೆ ಸ್ಕ್ರೂಗಳನ್ನು ಬಿಚ್ಚಿ, ಗುಂಡುಪಿನ್ನಿನ ಅಭ್ಯಾಸಬಲದಿಂದ ಒಂದೊಂದನ್ನೇ ತುಟಿಗಳ ನಡುವೆ ಕಚ್ಚಿಕೊಂಡ. ಅಷ್ಟರಲ್ಲಿ ಹೊರಗೆ ಮಹಡಿಮನೆಯಾಕೆಯ ಗಲಾಟೆ.

“ನನ್ನ ಮಿಕ್ಸಿ ನಿಂತೋಯ್ತು! ನಿಮ್ಮ ರಿಪೇರಿಗೆ ನಮ್ಮ ಕರೆಂಟ್ ಯಾಕೆ ತೆಗೀತೀರಿ?”

ಮೇಷ್ಟ್ರು ಒಳಕ್ಕೆ ಕೂಗಿದರು: “ಹಾಕ್ಲಾ?”

ಟೈಲರನ ಜೀವ ಬಾಯಿಗೆ ಬಂತು. ಬಾಯಲ್ಲಿ ಆಗಲೇ ನಾಲ್ಕು ಸ್ಕ್ರೂ ಇದ್ದವು. ಅವುಗಳ ಸಂದಿಯಿಂದಲೇ “ಹಾಕ್ಬೇಡೀ!” ಎಂದು ಅರಚಿದ.

ಮಹಡಿಮನೆಯಾಕೆ ಮೆಟ್ಟಿಲೇರಿ ಹೋದ ಸದ್ದಾಯಿತು. ಮೇಷ್ಟ್ರನ್ನು ಕೂರಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡು ಅವನು ಬರಿಗೈಯಲ್ಲೇ ತಂತಿಗಳನ್ನು ಬಿಡಿಸಿದ. ಒಂದೊಂದರ ತುದಿಗೂ ಅಚ್ಚುಕಟ್ಟಾಗಿ ಟೇಪು ಸುತ್ತಿದ. ಕೊನೆಗೆ ಹೀಟರನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಂದ.

“ಮುಗೀತು ಮೇಷ್ಟ್ರೇ. ಈಗ ಹಾಕಿ.”

“ಏನನ್ನ ಹಾಕ್ಲಿ? ಆಗ್ಲೇ ಹಾಕಿದ್ದೀನಲ್ಲ. ನೀವೇ ‘ಹಾಕ್ಬಿಡಿ’ ಅಂತ ಕೂಗಿದ್ರಲ್ಲಪ್ಪಾ!”

ಸ್ವಿಚ್ ನಿಜಕ್ಕೂ ಮೇಲಕ್ಕಿತ್ತು. ಟೈಲರ್ ತನ್ನ ಬೆರಳುಗಳನ್ನು ನೋಡಿಕೊಂಡ. ಹತ್ತೂ ಇದ್ದವು. ತಾನು ಹೇಗೆ ಬದುಕಿದ್ದೇನೆಂದು ತಿಳಿಯದೆ ನಿಂತಿರುವಾಗಲೇ ಬೀದಿಯುದ್ದಕ್ಕೂ ಮಕ್ಕಳ ಕೂಗೆದ್ದಿತು: “ಬಂತು! ಕರೆಂಟ್ ಬಂತು!”

“ಓಹೋ, ಇಡೀ ಬೀದಿಗೇ ಹೋಗಿತ್ತಾ!” ಎಂದರು ಮೇಷ್ಟ್ರು. “ಅದಕ್ಕೇ ನಾನು ಸ್ವಿಚ್ ಹಾಕಿದ್ರೂ ಬರ್ಲಿಲ್ಲ.”

ಟೈಲರ್ ಹೀಟರನ್ನು ತಬ್ಬಿಕೊಂಡೇ ಮೆಟ್ಟಿಲ ಮೇಲೆ ಕುಸಿದ. ಮೈ ಗಡಗಡ ನಡುಗತೊಡಗಿತು. ಹೆಂಡತಿ ಓಡಿ ಬಂದಳು.

“ಅಯ್ಯೋ, ಶಾಕ್ ಹೊಡೀತೇನ್ರೀ?”

“ಈಗ ಹೊಡೀತು ಕಣೇ,” ಎಂದ.