ಚಿಕ್ಕಮ್ಮ ಸಮಿತಿಗೆ ಬಂದದ್ದು

ನಮ್ಮ ಚಿಕ್ಕಮ್ಮ ಆರೋಗ್ಯವಂತರನ್ನು ನಂಬುವುದಿಲ್ಲ. ಅವರೆಲ್ಲ ಇನ್ನೂ ಡಾಕ್ಟರಿಗೆ ಸರಿಯಾಗಿ ತೋರಿಸಿಕೊಳ್ಳದವರು ಎಂಬುದು ಅವರ ಅಭಿಪ್ರಾಯ! ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ನರ್ಸ್. ಒಮ್ಮೆ ಹಲಸೂರಿನ ಛತ್ರದ ಮದುವೆಯೊಂದರಲ್ಲಿ ಅವರು ಮದುಮಗಳ ಕೈ ಹಿಡಿದಾಗ ಹರಸುತ್ತಾರೆಂದು ನಾವೆಲ್ಲ ಕ್ಯಾಮೆರಾ ಕಡೆ ನಕ್ಕೆವು. ಅವರು ಗಡಿಯಾರ ನೋಡುತ್ತಿದ್ದರು. "ನಾಡಿ ನೂರ ಹದಿನೆಂಟು! ಹುಡುಗೀಗೆ ಯಾರಾದ್ರೂ ನೀರು ಕೊಡ್ರೀ!" ಅಕ್ಷತೆ ಅವರ ಮುಷ್ಟಿಯಲ್ಲೇ ಉಳಿಯಿತು.

ಇಂಥವರ ಹೆಸರನ್ನು ನಮ್ಮ ವಿಶ್ವವಿದ್ಯಾಲಯದ ಸಮಿತಿಗೆ ಸೂಚಿಸಿದ್ದು ನಾನೇ. ನರ್ಸುಗಳು ಕೆಲಸ ಬಿಡದೆ ಡಾಕ್ಟರೇಟ್ ಮಾಡುವ ಕೋರ್ಸೊಂದನ್ನು ಅಲ್ಲಿ ರೂಪಿಸುತ್ತಿದ್ದರು. ನಿಯಮಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಅಷ್ಟು ಪ್ರೊಫೆಸರುಗಳ ನಡುವೆ ವಾರ್ಡಿನಲ್ಲಿ ನಿಂತು ಕಾಲು ನೋಯಿಸಿಕೊಂಡವರು ಒಬ್ಬರಾದರೂ ಬೇಡವೇ?

"ತರಗತಿಗಳು ಶನಿವಾರ, ಭಾನುವಾರ" ಎಂದರು ಅಧ್ಯಕ್ಷರು.

"ಕಾಯಿಲೆಗೂ ವೀಕೆಂಡ್ ರಜಾನಾ ಸಾರ್?" ಎಂದರು ಚಿಕ್ಕಮ್ಮ.

"ಹಾಗಾದ್ರೆ ಆರು ತಿಂಗಳು ಇಲ್ಲೇ ಇದ್ದು..."

"ಇರ್ತೀವಿ ಸಾರ್. ಅಲ್ಲೀವರೆಗೆ ಬೆಡ್‌ಪ್ಯಾನ್ ನೀವು ಕೊಡ್ತೀರಾ?"

ಬೋಂಡಾ ತಿನ್ನುತ್ತಿದ್ದ ಪ್ರೊಫೆಸರೊಬ್ಬರು ತಟ್ಟೆಯನ್ನು ದೂರ ಸರಿಸಿದರು.

ಅಧ್ಯಕ್ಷರು ರೇಗಿ, "ನೀವೇ ಸೇರಿದ್ರೆ ಯಾವುದರ ಮೇಲೆ ಬರೀತೀರಮ್ಮ?" ಎಂದರು. ಚಿಕ್ಕಮ್ಮ ಇದಕ್ಕೇ ಕಾದಿದ್ದವರಂತೆ ಎದ್ದು ನಿಂತರು.

"ನೋಡೋಕೆ ಯಾರೂ ಬರದ ಪೇಷೆಂಟು ನೋವು ಕಮ್ಮಿ ಅಂತಾನೆ ಸಾರ್. ಪಕ್ಕದಲ್ಲಿ ಐದು ನಿಮಿಷ ಕೂತ್ರೆ ನಿಜ ಹೇಳ್ತಾನೆ. ಆ ಐದು ನಿಮಿಷ ನಮಗೆ ಯಾವ ಡ್ಯೂಟೀಲೂ ಸಿಗಲ್ಲ. ಅದನ್ನ ಬರೀಬೇಕು ಅಂತ ಆಸೆ."

ಹಿಂದಿರುಗುವಾಗ ಆಟೋದಲ್ಲಿ ಚಿಕ್ಕಮ್ಮ ಮೂರು ಸಲ ಕೇಳಿದರು: "ವಯಸ್ಸಿನ ಮಿತಿ ಇಲ್ಲ ತಾನೇ?" ಇಲ್ಲ ಎಂದೆ. ಬೇರೆ ಮಿತಿ ಇರಬಹುದೆಂದು ನನಗಾದರೂ ಹೊಳೆಯಬೇಡವೇ!

ಮುಂದಿನ ಸಭೆಯಲ್ಲಿ ಅರ್ಹತೆಯ ವಿಷಯ ಬಂತು: ಸ್ನಾತಕೋತ್ತರ ಪದವಿ ಕಡ್ಡಾಯ. ಚಿಕ್ಕಮ್ಮನದು ಮೂರು ವರ್ಷದ ಡಿಪ್ಲೊಮಾ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ನಾನು, ಅನುಭವಕ್ಕೆ ವಿನಾಯಿತಿ ಕೊಡಬಹುದೇ ಎಂದು ಕೇಳಿದೆ. ಅವಕಾಶವಿಲ್ಲವಂತೆ. ನನ್ನ ಬೆರಳುಗಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತವು.

"ಟೈಪ್ ಮಾಡಮ್ಮ, ಎಲ್ಲಾ ಕಾಯ್ತಿದಾರೆ" ಎಂದವರು ಚಿಕ್ಕಮ್ಮನೇ.

ಲಿಂಗರಾಜಪುರದ ಮನೆಯಲ್ಲಿ ಅವರೊಬ್ಬರೇ ಇರುವುದು. ಯಾವಾಗಲೂ ಗೇಟಿನವರೆಗೆ ಬಿಟ್ಟು ಹೊರಟುಬಿಡುವವಳು ನಾನು. ಅಂದು ಮಾತ್ರ, "ಬೇಜಾರಾಯ್ತಾ ಚಿಕ್ಕಮ್ಮ?" ಎಂದೆ.

"ಏನಿಲ್ಲ ಕಣೇ, ಸ್ವಲ್ಪ. ನೀನು ಹೊರಡು, ಆಮೇಲೆ ಬಸ್ ಸಿಗಲ್ಲ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಐದು ನಿಮಿಷ ಕಳೆದಿರಬೇಕು, ಅವರು ಗೋಡೆ ನೋಡುತ್ತಲೇ ಹೇಳಿದರು:

"ತುಂಬಾನೇ ಬೇಜಾರಾಯ್ತು ಕಣೇ."